ಕೊಳೆತದ್ದು ತೊಲೆಯ ತುದಿ ಮಾತ್ರ

ಕಳೆದ ಮಳೆಗಾಲದಲ್ಲಿ ಧಾರವಾಡದ ಕಡೆಯ ನಮ್ಮ ಹಳ್ಳಿಯಿಂದ ಅಣ್ಣ ಫೋನ್ ಮಾಡಿದ. ಪಡಸಾಲೆಯ ದೊಡ್ಡ ತೊಲೆ ಗೋಡೆಯ ಹತ್ತಿರ ನಾಲ್ಕು ಬೆರಳು ಕುಸಿದಿತ್ತು. "ಕೆಡವಿ ಸ್ಲ್ಯಾಬ್ ಹಾಕ್ಸೂಣು. ಅವ್ವ ಅದರ ಬುಡಕs ಮಲ್ಕೋತಾಳ" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ರವಿವಾರ ಪುಣೆಯ ವಿಶ್ರಾಮಬಾಗ್ ವಾಡೆಯ ಮುಂದೆ ಸುಮ್ಮನೆ ನಿಂತಿದ್ದೆ. 1807ರಲ್ಲಿ ಎರಡನೇ ಬಾಜಿರಾಯ ಕಟ್ಟಿಸಿದ್ದು. ಮುಂಭಾಗದ ಸಾಗವಾನಿ ಕೆತ್ತನೆ ನೋಡಲು ಈಗಲೂ ಜನ ಬರುತ್ತಾರೆ. ನಮ್ಮ ಮನೆಗೂ ಊರವರು ವಾಡೆ ಎನ್ನುತ್ತಾರೆ. ದೊಡ್ಡಸ್ತಿಕೆ ಮಾತ್ರ ಅಜ್ಜನ ಕಾಲಕ್ಕೇ ಮುಗಿಯಿತು. ಕೆಡವುವ ಮೊದಲು ಒಮ್ಮೆ ತೋರಿಸೋಣ ಎಂದು ಊರಿಗೆ ಹೊರಟೆ.

ಬಡಿಗೇರ ಕಾಕಾ ಮೊದಲು ತೊಲೆಗೂ ಜಂತಿಗಳಿಗೂ ಆನಿಕೆ ಕೊಟ್ಟರು. ಆಮೇಲೆ ನಡುವಿನಿಂದ ಗೋಡೆಯ ಕಡೆಗೆ ಸುತ್ತಿಗೆಯಿಂದ ತಟ್ಟುತ್ತ ಹೋದರು. ಠಣ್ ಎನ್ನುತ್ತಿದ್ದ ದನಿ ಗೋಡೆಯ ಹತ್ತಿರ ಡಬ್ ಎಂದಿತು. ಅಲ್ಲಿ ಸ್ಕ್ರೂಡ್ರೈವರ್ ಬೆಲ್ಲಕ್ಕೆ ಚುಚ್ಚಿದಂತೆ ಇಳಿಯಿತು. "ಹನ್ನೆರಡು ಅಡಿಯೊಳಗ ಒಂದೂವರಿ ಅಡಿ ಹೋಗೇತಿ. ಬೆರಳು ಕೊಳೆತ್ರ ಕೈ ತಗೀತಾರೇನು ತಮ್ಮಾ?"

ಕಾರಣ ಗೋಡೆಯಲ್ಲಿತ್ತು. ಕಟ್ಟಿಗೆಯ ತೇವ ಶೇಕಡಾ 20ರ ಒಳಗಿದ್ದರೆ ಶಿಲೀಂಧ್ರ ಹತ್ತುವುದಿಲ್ಲ. ಮಣ್ಣು, ಸುಣ್ಣದ ಗೋಡೆ ಮಳೆಗಾಲದಲ್ಲಿ ಕುಡಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಆರು ವರ್ಷದ ಹಿಂದೆ, ಬೋನಸ್ ಬಂದ ಹುರುಪಿನಲ್ಲಿ, ಹೊರಗಿನಿಂದ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದವನು ನಾನೇ. ಬಿರುಕಿನಲ್ಲಿ ಹೊಕ್ಕ ನೀರು ಹೊರಬರಲಾಗದೆ ತೊಲೆಯ ತುದಿಯಲ್ಲೇ ಕೂತಿತ್ತು. ಅಣ್ಣ ಏನೂ ಅನ್ನಲಿಲ್ಲ. ಅನ್ನಬಹುದಿತ್ತು.

ಮಾಳಿಗೆಯ ಮಣ್ಣು ಇಳಿಸಿ, ಗಟ್ಟಿ ಕಟ್ಟಿಗೆ ಸಿಗುವವರೆಗೆ ತುದಿ ಕೊಯ್ದರು. ಹಸಿ ಮರ ಒಣಗುತ್ತ ಕುಗ್ಗಿ ಜೋಡಣೆ ಸಡಿಲಾಗುತ್ತದೆಂದು, ಕೆಡವಿದ ಮನೆಯೊಂದರ ಹಳೆಯ ಸಾಗವಾನಿ ತಂದರು. ಎರಡೂ ತುಂಡುಗಳನ್ನು ಉದ್ದಕ್ಕೆ ಓರೆಯಾಗಿ ಕೆತ್ತಿ ಒಂದರ ಮೇಲೊಂದು ಕೂಡಿಸಿದರು. ಒಂದು ಕಡೆ ಬೆಳಕು ತೂರಿತೆಂದು ಬಿಚ್ಚಿ ಮತ್ತೆ ಕೆತ್ತಿದರು. ಅರ್ಧ ದಿನ ಅದಕ್ಕೇ ಹೋಯಿತು. ಕಟ್ಟಿಗೆಯ ಗೂಟ ಸಾಕೆಂಬುದು ಕಾಕಾನ ಹಟ. ನಾನು ಓದಿದ್ದು ಕಂಪ್ಯೂಟರ್. ಸಿವಿಲ್ ಓದಿದ ಗೆಳೆಯನಿಗೆ ಫೋಟೊ, ಅಳತೆ ಕಳಿಸಿದೆ. ತೊಲೆ ಬಾಗುವ ಒತ್ತಡ ನಡುವೆ ಹೆಚ್ಚು, ತುದಿಯಲ್ಲಿ ಕಡಿಮೆ. ಆದರೆ ಕತ್ತರಿಸುವ ಬಲ ಗೋಡೆಯ ಹತ್ತಿರವೇ ಹೆಚ್ಚು, ಅದಕ್ಕೆ ಎರಡೂ ಬದಿ ಉಕ್ಕಿನ ಪಟ್ಟಿ, ಬೋಲ್ಟು ಬೇಕೇ ಬೇಕು ಎಂದ. ಕಾಕಾ ಗೊಣಗುತ್ತಲೇ ಹಾಕಿದರು.

ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣ ಬಳಿದದ್ದಾಯಿತು. ನೀರು ತಾಗಿದರೆ ಅದೂ ತೊಳೆದುಹೋಗುತ್ತದೆ. ಹಾಗಾಗಿ ತುದಿಯನ್ನು ಕಲ್ಲಿನ ಮೇಲೆ ಕೂರಿಸಿ ಸುತ್ತ ಗಾಳಿಗೆ ಸಂದು ಬಿಟ್ಟೆವು. ಸಿಮೆಂಟ್ ಕೆತ್ತಿ ತೆಗೆಯುವುದೇ ತೊಲೆಗಿಂತ ದೊಡ್ಡ ಕೆಲಸವಾಯಿತು. ಹೊಸದಾಗಿ ಸುಣ್ಣದ ಗಾರೆ ಹಚ್ಚಿಸಿದೆವು. ಖರ್ಚು ಸ್ಲ್ಯಾಬಿಗಿಂತ ಕಡಿಮೆಯಾಯಿತು, ಬಹಳವೇನಲ್ಲ.

ಈ ಮಳೆಗಾಲ ಮುಗಿಯುವತನಕ ಒಂದು ಆನಿಕೆ ಇರಲಿ ಎಂದಿದ್ದಾರೆ ಕಾಕಾ. ಮೊನ್ನೆ ದೊಡ್ಡ ಮಳೆಯಾದ ಮೇಲೆ ಅಣ್ಣ ತೊಲೆ ಮುಟ್ಟಿ ನೋಡಿ, "ಒಣಾ ಐತಿ" ಎಂದ. ಅವ್ವನ ಹಾಸಿಗೆ ಇನ್ನೂ ಅಡುಗೆಮನೆಯಲ್ಲೇ ಇದೆ. ಆನಿಕೆ ತೆಗೆದ ಮೇಲೆ ಪಡಸಾಲೆಗೆ ಬರುತ್ತಾಳಂತೆ.