ಬಾವಿಗೆ ಚಿಕಿತ್ಸೆ ಕೊಟ್ಟ ಡಾಕ್ಟರರು

ಪಾದದ ಮೇಲೊಂದು ಗುಳ್ಳೆ, ಕೆಂಡ ಇಟ್ಟಂಥ ಉರಿ. ಗುಳ್ಳೆ ಒಡೆದರೆ ಒಳಗಿನಿಂದ ಶ್ಯಾವಿಗೆ ಎಳೆಯಂಥ ಬಿಳಿ ಹುಳ ತಲೆ ಹೊರಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಸುತ್ತು ಮಾತ್ರ ತಿರುಗಿಸಬೇಕು. ಅವಸರ ಮಾಡಿ ಎಳೆದು ಹುಳ ತುಂಡಾಯಿತೋ, ಕಾಲು ಬಾತು ಕೀವು ತುಂಬುತ್ತದೆ. ಹುಳದ ಉದ್ದ ಒಂದು ಮೀಟರಿನ ತನಕವೂ ಇರಬಹುದು. ಪೂರ್ತಿ ಹೊರಬರಲು ವಾರಗಟ್ಟಲೆ ಬೇಕು. ಅಷ್ಟು ದಿನ ಹೊಲ ಇಲ್ಲ, ಕೂಲಿ ಇಲ್ಲ. ನಾರುಹುಣ್ಣು ಅಂದರೆ ಇದೇ.

ಈ ಕಾಯಿಲೆ ಇದ್ದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಇದ್ದವು. 1984ರಲ್ಲಿ ದೇಶದ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ಮಂದಿಗೆ ನಾರುಹುಣ್ಣು ಇತ್ತು.

ಇದಕ್ಕೆ ಗುಳಿಗೆಯೂ ಇಲ್ಲ, ಲಸಿಕೆಯೂ ಇಲ್ಲ. ಹಾಗಾಗಿ ಸಮುದಾಯ ವೈದ್ಯಶಾಸ್ತ್ರದ ಡಾಕ್ಟರು ರೋಗಿಯ ಕಾಲಿಗೆ ಪಟ್ಟಿ ಕಟ್ಟಿಸಿ, ನೀರು ಎಲ್ಲಿಂದ ತರುತ್ತೀರಿ ಎಂದು ಕೇಳುತ್ತಿದ್ದರು. ಉತ್ತರ ಬಹಳ ಸಲ ಒಂದೇ ಇರುತ್ತಿತ್ತು: ಮೆಟ್ಟಿಲು ಬಾವಿ. ಉರಿ ತಾಳಲಾರದೆ ರೋಗಿ ನೀರಿಗೆ ಕಾಲಿಟ್ಟ ಕೂಡಲೇ ಹುಳ ಸಾವಿರಾರು ಮರಿಗಳನ್ನು ಬಿಡುತ್ತದೆ. ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಕಂಡೂ ಕಾಣದಂಥ ನೀರುಜೀವಿ ಅವನ್ನು ನುಂಗುತ್ತದೆ. ಆ ನೀರು ಕುಡಿದವರ ಮೈಯಲ್ಲಿ ಹುಳ ಸದ್ದಿಲ್ಲದೆ ಬೆಳೆದು, ಹೆಚ್ಚುಕಡಿಮೆ ವರ್ಷದ ಮೇಲೆ ಹೊರಬರುತ್ತದೆ. ಹೋದ ವರ್ಷ ಕುಡಿದ ನೀರಿಗೂ ಈ ವರ್ಷದ ಹುಣ್ಣಿಗೂ ನಂಟಿದೆ ಎಂದು ಊರವರನ್ನು ನಂಬಿಸುವುದಿದೆಯಲ್ಲ, ನನ್ನ ಮಟ್ಟಿಗೆ ಆಪರೇಷನ್ನಿಗಿಂತ ಕಷ್ಟದ ಕೆಲಸ ಅದು.

ಉಳಿದದ್ದು ಸರಳ ಉಪಾಯ. ನೀರಿಗೆ ಟೆಮೆಫಾಸ್ ಹಾಕಿ ಸೈಕ್ಲಾಪ್ಸ್ ಕೊಲ್ಲುವುದು, ಎರಡು ಮಡಿಕೆ ಬಟ್ಟೆಯಲ್ಲಿ ನೀರು ಸೋಸುವುದು, ಬೋರಿಂಗ್ ಹಾಕಿಸುವುದು. ಎಲ್ಲಕ್ಕಿಂತ ಮುಖ್ಯವಾಗಿ ಬಾವಿಯ ಮೆಟ್ಟಿಲು ಮುಚ್ಚಿ, ಕಟ್ಟೆ ಕಟ್ಟಿ, ಗಡಗಡೆ ಕೂರಿಸುವುದು; ಹಗ್ಗದಿಂದ ಸೇದಿದರೆ ಯಾರ ಕಾಲೂ ನೀರಿಗೆ ತಾಗದು. ಜೊತೆಗೆ ಮನೆಮನೆ ತಿರುಗಾಟ: ಯಾರಿಗಾದರೂ ನಾರು ಬಿದ್ದಿದೆಯೇ? ಭಾರತದ ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ಆಫ್ರಿಕಾದ ಚಾಡ್‌ನಲ್ಲಿ ಹುಳ ನಾಯಿಗಳ ಮೈಗೂ ಸೇರಿ ಇನ್ನೂ ಸತಾಯಿಸುತ್ತಿದೆ.

ಈಗ ಎಂಬಿಬಿಎಸ್ ಓದುವ ಹುಡುಗರಿಗೆ ನಾರುಹುಣ್ಣು ಒಂದು ಕಿರು ಪ್ರಶ್ನೆ ಅಷ್ಟೆ. ಪಿಜಿ ಸೀಟು ಆರಿಸುವಾಗ ಚರ್ಮ, ರೇಡಿಯಾಲಜಿ ಮೊದಲು ಖಾಲಿ. ಸಮುದಾಯ ವೈದ್ಯಶಾಸ್ತ್ರಕ್ಕೆ ಬೇರೆ ಸಿಗದವರೇ ಹೆಚ್ಚು ಬರುತ್ತಾರೆ. ಹಳೆಯ ಮೆಟ್ಟಿಲು ಬಾವಿಗಳ ಹೂಳೆತ್ತಿಸಿ, ಪ್ರವಾಸಿಗಳಿಗೆ ತೋರಿಸುವ ಉತ್ಸಾಹವೂ ಈಗ ಬಂದಿದೆ, ಒಳ್ಳೆಯದೇ. ಬಾವಿ ಕಟ್ಟಿಸಿದವರ ಹೆಸರು ಕೆಲವು ಕಡೆ ಶಾಸನದಲ್ಲಾದರೂ ಸಿಗುತ್ತದೆ. ಮೆಟ್ಟಿಲು ಮುಚ್ಚಿಸಲು ಊರವರ ಬೈಗುಳ ತಿಂದ ಡಾಕ್ಟರು ಯಾರು ಅಂತ ಕೇಳಿದರೆ ಹೇಳುವವರು ಕಡಿಮೆ.