ಕೊಲೆಸ್ಟ್ರಾಲ್ ಮಾತ್ರೆ ಶುರುವಾದ ಮೇಲೆ ಕಾಲು ನೋವೇ? ವಾಕಿಂಗ್ ನಿಲ್ಲಿಸುವ ಮುನ್ನ ಇದನ್ನು ತಿಳಿಯಿರಿ

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಹೊರಟವರಿಗೆ ವೈದ್ಯರು ಎರಡು ಮಾತು ತಪ್ಪದೆ ಹೇಳುತ್ತಾರೆ. ಕೊಲೆಸ್ಟ್ರಾಲ್ ಮಾತ್ರೆ ಮರೆಯಬೇಡಿ, ನಡೆಯುವುದನ್ನು ಬಿಡಬೇಡಿ. ಆದರೆ ಕೆಲವರಿಗೆ ಮಾತ್ರೆ ಶುರುವಾದ ತಿಂಗಳೊಳಗೆ ತೊಡೆ, ಮೀನಖಂಡ ಹಿಡಿದುಕೊಳ್ಳುತ್ತವೆ. ಮೆಟ್ಟಿಲು ಹತ್ತುವುದೇ ಕಷ್ಟವಾಗುತ್ತದೆ. ಆಗ ಒಬ್ಬರು ವಾಕಿಂಗ್ ಬಿಡುತ್ತಾರೆ, ಇನ್ನೊಬ್ಬರು ಯಾರಿಗೂ ಹೇಳದೆ ಮಾತ್ರೆಯನ್ನೇ ಬಿಡುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ.

ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮುಂತಾದ ಸ್ಟಾಟಿನ್ ಮಾತ್ರೆಗಳು ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಡೆಯುತ್ತವೆ. ಆಗ ಯಕೃತ್ತು ರಕ್ತದಲ್ಲಿರುವ ಕೆಟ್ಟ ಕೊಲೆಸ್ಟ್ರಾಲ್ ಅನ್ನು, ಅಂದರೆ ಎಲ್‌ಡಿಎಲ್ ಅನ್ನು, ಹೆಚ್ಚು ಎಳೆದುಕೊಳ್ಳುತ್ತದೆ. ಹೃದಯಾಘಾತ, ಪಾರ್ಶ್ವವಾಯು ತಪ್ಪಿಸುವಲ್ಲಿ ಇವುಗಳ ಪಾತ್ರ ದೊಡ್ಡದು. ಸ್ನಾಯು ನೋವು ಇವುಗಳ ಮೇಲೆ ಬರುವ ಮುಖ್ಯ ದೂರು.

ನೋವಿಗೆ ಮಾತ್ರೆಯೇ ಕಾರಣವೇ?

2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯೊಂದು 19 ಪ್ರಯೋಗಗಳ ಸುಮಾರು 1.24 ಲಕ್ಷ ಜನರ ಮಾಹಿತಿಯನ್ನು ಪರಿಶೀಲಿಸಿತು. ಸ್ಟಾಟಿನ್ ತೆಗೆದುಕೊಂಡವರಲ್ಲಿ ಶೇ. 27.1 ಮಂದಿ ಸ್ನಾಯು ನೋವು ಅಥವಾ ನಿಶ್ಶಕ್ತಿ ಇದೆ ಎಂದಿದ್ದರು. ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಈ ಪ್ರಮಾಣ ಶೇ. 26.6! ಸ್ಟಾಟಿನ್‌ನಿಂದಲೇ ಆದ ಹೆಚ್ಚುವರಿ ನೋವು ಕಾಣಿಸಿದ್ದು ಮುಖ್ಯವಾಗಿ ಮೊದಲ ವರ್ಷದಲ್ಲಿ.

ಲಂಡನ್ನಿನ ಸ್ಯಾಮ್ಸನ್ ಪ್ರಯೋಗ ಇನ್ನೂ ಸ್ವಾರಸ್ಯಕರ. ಅಡ್ಡಪರಿಣಾಮದಿಂದ ಸ್ಟಾಟಿನ್ ಬಿಟ್ಟಿದ್ದ 60 ಮಂದಿಗೆ 12 ಬಾಟಲಿ ಕೊಡಲಾಯಿತು. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಹುಸಿ ಮಾತ್ರೆ, ಉಳಿದ ನಾಲ್ಕು ಖಾಲಿ. ತಿಂಗಳಿಗೊಂದು ಬಾಟಲಿ. ಸ್ಟಾಟಿನ್ ತಿಂಗಳುಗಳಲ್ಲಿ ಕಂಡ ತೊಂದರೆಯ ಶೇ. 90ರಷ್ಟು ಹುಸಿ ಮಾತ್ರೆಯ ತಿಂಗಳಲ್ಲೂ ಕಾಣಿಸಿತು. ಹಾಗೆಂದು ನೋವು ಸುಳ್ಳಲ್ಲ. ಮಾತ್ರೆ ನುಂಗುತ್ತಿದ್ದೇನೆ, ಏನಾದರೂ ಆಗಬಹುದು ಎಂಬ ನಿರೀಕ್ಷೆಯೂ ನಿಜವಾದ ನೋವನ್ನೇ ತರುತ್ತದೆ. ತಮ್ಮ ಫಲಿತಾಂಶ ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರುಮಾಡಿದರು.

ಮಾತ್ರೆಯಿಂದಲೇ ಬರುವ ನೋವಿಗೆ ಕೆಲವು ಗುರುತುಗಳಿವೆ. ಸಾಮಾನ್ಯವಾಗಿ ಎರಡೂ ಕಡೆ, ತೊಡೆ, ಸೊಂಟ, ಭುಜದಂಥ ದೊಡ್ಡ ಸ್ನಾಯುಗಳಲ್ಲಿ ಬರುತ್ತದೆ. ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಕೆಲವೇ ವಾರಗಳಲ್ಲಿ ಶುರುವಾಗುತ್ತದೆ. ಒಂದೇ ಮಂಡಿಯ ನೋವಾದರೆ ಕಾರಣ ಬೇರೆ ಕಡೆ ಹುಡುಕಬೇಕು. ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆಯಲ್ಲೂ ಇಂಥದ್ದೇ ನೋವು ಬರುವುದರಿಂದ ಆ ಪರೀಕ್ಷೆಗಳನ್ನು ಮೊದಲು ಮಾಡಿಸುವುದು ಜಾಣತನ.

ನಡೆದರೆ ಹೆಚ್ಚಾಗುತ್ತದೆಯೇ?

ನೆದರ್ಲೆಂಡ್ಸ್‌ನ ನೈಮೇಗನ್ ನಗರದಲ್ಲಿ ಪ್ರತಿವರ್ಷ ನಾಲ್ಕು ದಿನಗಳ ನಡಿಗೆ ನಡೆಯುತ್ತದೆ. ದಿನಕ್ಕೆ 30, 40 ಅಥವಾ 50 ಕಿ.ಮೀ. ಅಲ್ಲಿನ ನಡಿಗೆದಾರರ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಟಾಟಿನ್ ತೆಗೆದುಕೊಂಡು ನೋವಿದ್ದವರು, ಸ್ಟಾಟಿನ್ ಇದ್ದೂ ನೋವಿಲ್ಲದವರು, ಸ್ಟಾಟಿನ್ನೇ ತೆಗೆದುಕೊಳ್ಳದವರು, ಮೂರೂ ಗುಂಪುಗಳಲ್ಲಿ ನಡಿಗೆಯಿಂದಾದ ಸ್ನಾಯು ಹಾನಿ ಒಂದೇ ಮಟ್ಟದಲ್ಲಿತ್ತು. ಸಾಧಾರಣ ವೇಗದ ನಡಿಗೆಗೆ ಹೆದರಬೇಕಿಲ್ಲ.

ಓಟದ ಕಥೆ ತುಸು ಬೇರೆ. 2011ರ ಬೋಸ್ಟನ್ ಮ್ಯಾರಥಾನ್ ಓಡಿದವರಲ್ಲಿ, ಮರುದಿನ ಸ್ನಾಯು ಹಾನಿ ಸೂಚಿಸುವ ಸಿಕೆ ಎಂಬ ಕಿಣ್ವ ಸ್ಟಾಟಿನ್ ಬಳಸುವವರಲ್ಲಿ ಉಳಿದವರಿಗಿಂತ ಹೆಚ್ಚಿತ್ತು. ಹೀಗಾಗಿ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟ ತಿಂಗಳಲ್ಲೇ ಹೊಸದಾಗಿ ಮಾತ್ರೆ ಶುರುವಾಗಿದ್ದರೆ ದೂರವನ್ನು ನಿಧಾನಕ್ಕೆ ಏರಿಸುವುದು ಒಳ್ಳೆಯದು. ಜಿಮ್‌ನಲ್ಲಿ ಒಮ್ಮೆಲೇ ಭಾರ ಹೆಚ್ಚಿಸುವುದೂ ಬೇಡ. ಇನ್ನೊಂದು ಸಂಗತಿ ಹಲವರಿಗೆ ತಿಳಿದಿರುವುದಿಲ್ಲ: ಕಠಿಣ ವ್ಯಾಯಾಮದ ಮರುದಿನ ಸಿಕೆ ಪರೀಕ್ಷೆ ಮಾಡಿಸಿದರೆ ಮಾತ್ರೆ ಇಲ್ಲದವರಲ್ಲೂ ಅದು ಏರಿರುತ್ತದೆ. ಪರೀಕ್ಷೆಗೆ ಎರಡು ಮೂರು ದಿನ ಮೊದಲು ಅಂಥ ವ್ಯಾಯಾಮ ಬಿಟ್ಟಿರಬೇಕು.

ವೈದ್ಯರ ಬಳಿ ದಾರಿಗಳು ಹಲವು

ಸ್ಟಾಟಿನ್ ಪ್ರಮಾಣ ದುಪ್ಪಟ್ಟಾದರೆ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಸುಮಾರು ಶೇ. 6ರಷ್ಟು ಮಾತ್ರ. ಅಂದರೆ ಅರ್ಧಕ್ಕೆ ಇಳಿಸಿದರೂ ಲಾಭದ ಬಹುಪಾಲು ಉಳಿಯುತ್ತದೆ. ಸ್ಟಾಟಿನ್ ಬದಲಿಸುವುದು, ದಿನ ಬಿಟ್ಟು ದಿನ ಕೊಡುವುದು, ಎಜೆಟಿಮಿಬ್ ಅಥವಾ ಬೆಂಪೆಡೋಯಿಕ್ ಆಸಿಡ್ ಸೇರಿಸುವುದು, ಎಲ್ಲವೂ ಬಳಕೆಯಲ್ಲಿವೆ. ಕೆಲವು ವಾರ ನಿಲ್ಲಿಸಿ ನೋಡುವುದೂ ಉಂಟು, ಆದರೆ ಅದು ವೈದ್ಯರ ತೀರ್ಮಾನ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಕೋ-ಎನ್‌ಜೈಮ್ ಕ್ಯೂ10ಕ್ಕೆ ದುಡ್ಡು ಸುರಿಯುವಷ್ಟು ಪುರಾವೆ ಇಲ್ಲ.

ಕೆಮ್ಮು ನೆಗಡಿಗೆ ಬೇರೆ ವೈದ್ಯರ ಬಳಿ ಹೋದಾಗಲೂ ಸ್ಟಾಟಿನ್ ತೆಗೆದುಕೊಳ್ಳುತ್ತಿರುವುದನ್ನು ಹೇಳಿ. ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್, ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್ ಕೆಲವು ಸ್ಟಾಟಿನ್‌ಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತವೆ.

ಇಷ್ಟರ ನಡುವೆ ತೀವ್ರ ನೋವು, ಎದ್ದು ನಿಲ್ಲಲಾಗದಷ್ಟು ನಿಶ್ಶಕ್ತಿ, ಕಡು ಚಹಾದ ಬಣ್ಣದ ಮೂತ್ರ ಕಂಡರೆ ಅದು ಸ್ನಾಯು ಕರಗುತ್ತಿರುವ ಲಕ್ಷಣ ಇರಬಹುದು. ಬಹಳ ಅಪರೂಪ, ಆದರೆ ಕಿಡ್ನಿಗೆ ಅಪಾಯ. ಆಗ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು.