ತೂಗುವ ಪೆಡಲು, ಬಾಗುವ ತಗಡು

1932ರ ಫೋರ್ಡ್ ಕಾರಿನಲ್ಲಿ ಬ್ರೇಕ್ ಪೆಡಲು ನೆಲಹಲಗೆಯನ್ನು ತೂರಿಕೊಂಡು ಮೇಲೆ ಬರುತ್ತಿತ್ತು. ಅದರ ಕೀಲು ಹಲಗೆಯ ಕೆಳಗೆ. ಗಾಲಿಗಳಿಗೆ ಒತ್ತಡ ಮುಟ್ಟಿಸಲು ಬರೀ ಸರಳುಗಳು. ಫೋರ್ಡ್ ಕಂಪನಿ ಹೈಡ್ರಾಲಿಕ್ ಬ್ರೇಕಿಗೆ ಮನಸ್ಸು ಮಾಡಿದ್ದೇ 1939ರ ಮಾದರಿಗಳಲ್ಲಿ. ಇಂಥ ಹಳೆಯ ಕಾರುಗಳ ಭಾರ ಇಳಿಸಿ, ಎಂಜಿನ್ನಿನ ಬಲ ಏರಿಸಿ ಓಡಿಸುವ ಹುಚ್ಚು ದಕ್ಷಿಣ ಕ್ಯಾಲಿಫೋರ್ನಿಯಾದ ಒಣ ಕೆರೆಯಂಗಳಗಳಲ್ಲಿ ಬೆಳೆಯಿತು. ಅವೇ ಹಾಟ್ ರಾಡ್‌ಗಳು. ಈಗ ಅವನ್ನು ಕಟ್ಟುವವರಲ್ಲಿ ಹಲವರು ನೆಲದ ಪೆಡಲನ್ನು ಕಿತ್ತು, ಎಂಜಿನ್ನಿಗೂ ಚಾಲಕನಿಗೂ ನಡುವಿನ ಫೈರ್‌ವಾಲ್ ತಗಡಿನಿಂದ ಇಳಿಬಿದ್ದ ಪೆಡಲನ್ನು ಹಾಕುತ್ತಾರೆ. ಹಾಕಬೇಕಾದದ್ದೇ. ಆದರೆ ಈ ಕೆಲಸದ ಹೆಚ್ಚಿನ ಪಾಲು ಇರುವುದು ಪೆಡಲಿನಲ್ಲಲ್ಲ, ಅದನ್ನು ಹೊರುವ ತಗಡಿನಲ್ಲಿ.

ಲೆಕ್ಕ ನೋಡಿ. ಕಾಲಿನ ಬಲಕ್ಕೆ ನೆರವಾಗುವ ಬೂಸ್ಟರ್ ಇಲ್ಲದ ಬ್ರೇಕಿನಲ್ಲಿ ಪೆಡಲು ಸನ್ನೆಕೋಲಿನಂತೆ ಕಾಲಿನ ಬಲವನ್ನು ಸುಮಾರು ಆರು ಪಟ್ಟು ಮಾಡುತ್ತದೆ. ಕಾಲು 30 ಕಿಲೋ ಒತ್ತಿದರೆ ಬ್ರೇಕ್ ಆಯಿಲನ್ನು ಪೈಪಿಗೆ ನೂಕುವ ಮಾಸ್ಟರ್ ಸಿಲಿಂಡರಿನ ಮೇಲೆ 180 ಕಿಲೋ ಬೀಳುತ್ತದೆ. ಪೆಡಲು ಸಮತೋಲದಲ್ಲಿ ನಿಲ್ಲಬೇಕಾದರೆ ಮೇಲಿನ ಕೀಲು ಉಳಿದ 150 ಕಿಲೋವನ್ನು ತಡೆಯಬೇಕು. ಅಂದರೆ ಸಿಲಿಂಡರು ಮುಂದಕ್ಕೆ ನೂಕುತ್ತದೆ, ಅದಕ್ಕಿಂತ ಒಂದೆರಡು ಇಂಚು ಮೇಲಿರುವ ಕೀಲು ಹಿಂದಕ್ಕೆ ಎಳೆಯುತ್ತದೆ. ಎಂಜಿನ್ನಿನ ಕಾವು ಮತ್ತು ವಾಸನೆಯನ್ನು ತಡೆಯಲೆಂದು ಹಾಕಿದ ತೆಳು ತಗಡು ಈ ತಿರುಚಾಟಕ್ಕೆ ಬಾಗದೆ ಇನ್ನೇನು ಮಾಡೀತು? ಸಿಲಿಂಡರಿನ ಬಳಿ ತಗಡು 2 ಮಿಲಿಮೀಟರ್ ಸರಿದರೆ ಕಾಲಿನಡಿ 12 ಮಿಲಿಮೀಟರ್ ವ್ಯರ್ಥ. ಪೆಡಲು ಮೆತ್ತಗಿದೆ ಎಂದು ಪೈಪಿನಲ್ಲಿ ಗಾಳಿ ಹುಡುಕುತ್ತ ಮತ್ತೆ ಮತ್ತೆ ಬ್ರೇಕ್ ಆಯಿಲ್ ಹರಿಸುವವರು ಅನೇಕ; ಇಲ್ಲದ ಗಾಳಿ ಹೊರಬರುವುದಾದರೂ ಹೇಗೆ? ಕೀಲನ್ನೂ ಸಿಲಿಂಡರನ್ನೂ ಒಂದೇ ದಪ್ಪ ಉಕ್ಕಿನ ಬ್ರ್ಯಾಕೆಟ್ಟಿಗೆ ಬಿಗಿದು, ತಗಡಿನ ಇನ್ನೊಂದು ಬದಿಗೆ ಪ್ಲೇಟು ಕೊಟ್ಟು, ಬ್ರ್ಯಾಕೆಟ್ಟಿನ ತಲೆಯಿಂದ ಡ್ಯಾಶ್‌ಬೋರ್ಡಿನ ಹಿಂದಿನ ಚೌಕಟ್ಟಿಗೆ ಆಧಾರದ ಸರಳು ಹಾಕಿದರೆ ಬಾಗು ನಿಲ್ಲುತ್ತದೆ.

ಹಾಗಿದ್ದರೆ ನೆಲದ ಪೆಡಲನ್ನು ಹೊರುವ ಗಟ್ಟಿಮುಟ್ಟಾದ ಚಾಸಿಯನ್ನು ಬಿಟ್ಟು ಮೇಲೇಕೆ ಬರಬೇಕು ಎಂದು ಕೇಳಬಹುದು. ಚಾಸಿ ಗಟ್ಟಿ ಎಂಬುದು ನಿಜ. ಆದರೆ ಅಲ್ಲಿ ಕೆಸರು, ಸೈಲೆನ್ಸರ್ ಪೈಪಿನ ಕಾವು. ಆಯಿಲ್ ಮಟ್ಟ ನೋಡಲು ನೆಲಹಲಗೆ ಎತ್ತಬೇಕು. ತಗ್ಗಿಸಿದ ಕಾರಿನಲ್ಲಿ ಸಿಲಿಂಡರು ಗಾಲಿಗಳ ಬಳಿಯ ಕ್ಯಾಲಿಪರ್‌ಗಳಿಗಿಂತ ಕೆಳಗೆ ಬೀಳುವುದರಿಂದ ಆಯಿಲ್ ತನ್ನ ಭಾರಕ್ಕೆ ತಾನೇ ಹಿಂದಿರುಗುತ್ತದೆ. ಅದನ್ನು ತಡೆಯಲು ಡಿಸ್ಕ್ ಬ್ರೇಕಿನ ಪೈಪಿಗೆ ಸುಮಾರು 2 ಪಿಎಸ್‌ಐ ಹಿಡಿದಿಡುವ ವಾಲ್ವ್ ಬೇಕು. ಸಿಲಿಂಡರು ಮೇಲಿದ್ದರೆ ಈ ತಾಪತ್ರಯವಿಲ್ಲ. ನುಣುಪಾದ ಫೈರ್‌ವಾಲಿನ ಅಂದ ಕೆಡುತ್ತದೆ ಎಂಬುದು ಇನ್ನೊಂದು ಆಕ್ಷೇಪ, ಪ್ರದರ್ಶನಕ್ಕೆ ಒಯ್ಯುವವರಿಗೆ ಅದು ಸಣ್ಣದೂ ಅಲ್ಲ. ಅಂಥವರು ಸಿಲಿಂಡರನ್ನು ಡ್ಯಾಶ್‌ಬೋರ್ಡಿನಡಿ ಹಿಮ್ಮುಖವಾಗಿ ಕೂರಿಸುವುದುಂಟು. ಸೋರಿದರೆ ಆಯಿಲ್ ಬೀಳುವುದು ಪಾದದ ಮೇಲೆ, ರಿಪೇರಿಗೆ ಕೈ ತೂರುವುದೂ ಕಷ್ಟ. ನನ್ನ ಮತ ಕುರೂಪಕ್ಕೇ.

ಸಿಲಿಂಡರಿನ ಅಳತೆಯಲ್ಲೂ ಕೊಡುಕೊಳ್ಳುವಿಕೆ ಇದೆ: ಒಂದಿಂಚಿನ ಬದಲು ಮುಕ್ಕಾಲಿಗೂ ಒಂದಕ್ಕೂ ನಡುವಿನ, 7/8 ಇಂಚಿನ ಪಿಸ್ಟನ್ ಹಾಕಿದರೆ ಅದೇ ಕಾಲಿಗೆ ಒತ್ತಡ ಸುಮಾರು 30 ಪ್ರತಿಶತ ಹೆಚ್ಚು, ಪೆಡಲು ಕ್ರಮಿಸುವ ದೂರವೂ ಅಷ್ಟೇ ಹೆಚ್ಚು. ಇನ್ನು ಪೆಡಲು ನೂಕುವ ಪುಶ್‌ರಾಡ್ ಮತ್ತು ಪಿಸ್ಟನ್ನಿನ ನಡುವೆ ಒಂದೂವರೆ ಮಿಲಿಮೀಟರಿನಷ್ಟು ಸಡಿಲ ಉಳಿಯಲೇಬೇಕು. ಅದಿಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬಾರದೆ, ಕಾದು ಹಿಗ್ಗಿದ ಆಯಿಲ್ ಡಬ್ಬಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಬ್ರೇಕು ತಾನಾಗಿ ಹಿಡಿದು, ಇನ್ನಷ್ಟು ಕಾದು, ಇನ್ನಷ್ಟು ಬಿಗಿಯಾಗುತ್ತದೆ. ಈ ಸಡಿಲವನ್ನು ಅಳೆಯಬೇಕಾದದ್ದು ತಗಡನ್ನು ಬಲಪಡಿಸಿದ ಮೇಲೆ, ಮೊದಲಲ್ಲ.